ಇಪ್ಪತ್ತು ವರ್ಷಗಳ ನಂತರದ ಎರಡನೆಯ ಭಾಗ

‘ಇಂಡಿಪೆಂಡೆನ್ಸ್ ಡೇ: ರಿಸರ್ಜೆನ್ಸ್’ ಚಿತ್ರವನ್ನು ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ, 2016ರಲ್ಲಿ ಆದ ಬೇಸರ ಇಷ್ಟು ಹೊತ್ತಿಗೆ ಕರಗಿರಬಹುದೆಂದುಕೊಂಡಿದ್ದೆ, ಕರಗಿಲ್ಲ.

1996ರ ಮೊದಲ ಚಿತ್ರ ತೆರೆದುಕೊಳ್ಳುವುದು ಚಂದ್ರನ ಮೇಲೆ. ಭೂಮಿಯ ಮೇಲೆ ದಾಳಿಗೆ ಬರುತ್ತಿರುವ ಅನ್ಯಗ್ರಹ ಜೀವಿಗಳ ದೈತ್ಯ ನೌಕೆಯ ನೆರಳು ಹಾದುಹೋಗುವಾಗ ನೆಲ ಅದುರಿ, ಮನುಷ್ಯ ಬಿಟ್ಟುಬಂದ ಹೆಜ್ಜೆಗುರುತುಗಳ ದೂಳು ಮೆಲ್ಲನೆ ಕದಲುತ್ತದೆ. ಅಷ್ಟಕ್ಕೇ ಎದೆ ಝಲ್ಲೆನ್ನುತ್ತದೆ. ಎರಡನೆಯದರಲ್ಲಿ ಅದೇ ನಿರ್ದೇಶಕ ರೋಲ್ಯಾಂಡ್ ಎಮೆರಿಕ್ ಸುಮಾರು ಮೂರು ಸಾವಿರ ಮೈಲಿ ಅಗಲದ ನೌಕೆಯನ್ನು ಅಟ್ಲಾಂಟಿಕ್ ಸಾಗರದ ಮೇಲೆ ತಂದಿಳಿಸುತ್ತಾರೆ, ನಗರಗಳೇ ಬುಡಸಮೇತ ಕಿತ್ತು ಆಕಾಶಕ್ಕೇರಿ ಮತ್ತೆಲ್ಲೋ ಬೀಳುತ್ತವೆ. ಆದರೆ ಆ ಕಟ್ಟಡಗಳೊಳಗೆ ನಮಗೆ ಪರಿಚಯವಾದ ಜೀವ ಒಂದೂ ಇಲ್ಲದಿರುವಾಗ ಯಾರಿಗಾಗಿ ಮರುಗಬೇಕು?

ಇರುವ ಪರಿಚಿತರನ್ನೂ ಚಿತ್ರ ಉಳಿಸಿಕೊಂಡಿಲ್ಲ. ಮೊದಲ ಚಿತ್ರದಲ್ಲಿ ವಿಲ್ ಸ್ಮಿತ್ ನಟಿಸಿದ್ದ ಪೈಲಟ್ ಹಿಲ್ಲರ್, ಎರಡು ಕಥೆಗಳ ನಡುವೆ ಪರೀಕ್ಷಾ ಹಾರಾಟವೊಂದರಲ್ಲಿ ತೀರಿಕೊಂಡನೆಂದು ಹೇಳಿ ಮುಗಿಸಿದ್ದಾರೆ. ಅವನ ಹೆಂಡತಿ ಕುಸಿಯುತ್ತಿರುವ ಆಸ್ಪತ್ರೆಯಿಂದ ಮಗನ ಕಣ್ಣೆದುರೇ ಬಿದ್ದು ಸಾಯುತ್ತಾಳೆ, ಆದರೂ ಅವನ ದುಃಖದೊಂದಿಗೆ ಅರೆಗಳಿಗೆ ನಿಲ್ಲುವಷ್ಟು ವ್ಯವಧಾನ ಕಥೆಗಿಲ್ಲ. ನನಗೆ ಅತ್ಯಂತ ನೋವಾದದ್ದು ಇಲ್ಲಿಯೇ.

ಮೊದಲ ಚಿತ್ರದಲ್ಲಿ ಸೋತ ಶತ್ರುವಿನ ತಂತ್ರಜ್ಞಾನವನ್ನು ಕಲಿತು ಮನುಷ್ಯರು ಬದುಕನ್ನೇ ಬದಲಿಸಿಕೊಂಡಿದ್ದಾರೆ, ಚಂದ್ರನ ಮೇಲೆ ನೆಲೆ ಕಟ್ಟಿದ್ದಾರೆ. ಎಂಥ ಫಲವತ್ತಾದ ಕಲ್ಪನೆ! ಆ ಲೋಕದಲ್ಲಿ ಸಾಮಾನ್ಯನ ದಿನಚರಿ ಹೇಗಿರುತ್ತದೆಂದು ತೋರಿಸಿದ್ದರೆ ನಾನು ಉಳಿದದ್ದೆಲ್ಲವನ್ನೂ ಮನ್ನಿಸುತ್ತಿದ್ದೆ. ಚಿತ್ರವಾದರೋ ಅದನ್ನು ಆರಂಭದಲ್ಲೇ ಅವಸರದಿಂದ ದಾಟಿ, ಕೊನೆಗೆ ನಕ್ಷತ್ರಗಳಾಚೆಯ ಯುದ್ಧವೊಂದರ ಆಸೆ ಹುಟ್ಟಿಸಿ ಮುಗಿದುಹೋಗುತ್ತದೆ.