ಸಾವಿನ ಮನೆಗೆ ಈಗ ಮೊದಲು ಬರುವುದು ಫ್ರೀಜರ್

ನಮ್ಮ ಕಡೆ ಮೊದಲೆಲ್ಲ ಯಾರಾದರೂ ತೀರಿಕೊಂಡರೆ ಹಿತ್ತಲಿನ ಮಾವಿನ ಮರಕ್ಕೆ ಕೊಡಲಿ ಬೀಳುತ್ತಿತ್ತು, ಚಿತೆಯೂ ಅಲ್ಲೇ ತೋಟದ ಮೂಲೆಯಲ್ಲಿ. ಈಗ ಮಂಗಳೂರಿನ ಫ್ಲ್ಯಾಟಿನಲ್ಲಿ ಯಾವ ಹಿತ್ತಲು, ಯಾವ ಮರ? ಒಂದು ಫೋನ್ ಮಾಡಿದರೆ ಫ್ರೀಜರ್ ಪೆಟ್ಟಿಗೆ ಬರುತ್ತದೆ. ದುಬೈಯಿಂದ ಮಗ ಬರುವ ತನಕ ಕಾಯಬೇಕಲ್ವಾ.

ಪರಿಚಯದ ಒಬ್ಬರು ಫ್ರೀಜರ್ ತರುವುದರಿಂದ ಹಿಡಿದು ಅಂತ್ಯಸಂಸ್ಕಾರದ ತನಕ ಎಲ್ಲ ಮಾಡಿಕೊಡುವ ಕೆಲಸದಲ್ಲಿದ್ದಾರೆ. ಲಿಫ್ಟಿನ ಅಳತೆ ಮೊದಲೇ ಕೇಳಿಕೊಳ್ಳುತ್ತಾರೆ. ಪೆಟ್ಟಿಗೆ ಹಿಡಿಸದಿದ್ದರೆ ಕೆಳಗೆ ಪಾರ್ಕಿಂಗಿನಲ್ಲೇ ಇಟ್ಟು, ವೈರ್ ಎಳೆದು, ಗಾಜು ಮಂಜಾದಾಗೆಲ್ಲ ಬಟ್ಟೆಯಿಂದ ಒರೆಸುತ್ತಾ ನಿಲ್ಲುತ್ತಾರೆ. ಬೋಳೂರಿನ ವಿದ್ಯುತ್ ಚಿತಾಗಾರ, ಭಟ್ರು, ಮಡಕೆ, ಬರಲಾಗದವರಿಗೆ ವಿಡಿಯೊ ಕಾಲ್, ಎಲ್ಲ ಅವರದ್ದೇ ಏರ್ಪಾಡು.

ಕೆಲವರು ಇದನ್ನು ಸಾವಿನ ವ್ಯಾಪಾರ ಅಂತಾರೆ. ನನಗೆ ಹಾಗನಿಸುವುದಿಲ್ಲ. ಹೆಗಲು ಕೊಡಲು ನಾಲ್ಕು ಜನ ಸಿಗದ ಮನೆಗೆ ತಮ್ಮ ಹುಡುಗರನ್ನೇ ಕರೆದುಕೊಂಡು ಹೋಗುತ್ತಾರೆ, ಬಿಲ್ಲಿನಲ್ಲಿ ಅದನ್ನು ಬರೆಯುವುದಿಲ್ಲ. ಈಗ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೂ ಹಾಲ್ ಬುಕ್ ಮಾಡಿಸಿ ಕೊಡಿ ಅಂತ ಜನ ಇವರನ್ನೇ ಕೇಳುತ್ತಿದ್ದಾರಂತೆ.