ಎರ್ಬಿಲ್‌ನಲ್ಲಿ ಕೋಟೆಯ ಬುಡದಲ್ಲೇ ರೂಮು

ಚಿತ್ರದುರ್ಗದವಳಿಗೆ ಊರು ಅಂದರೆ ಮೊದಲು ಕೋಟೆ. ಇರಾಕಿನ ಕುರ್ದಿಸ್ತಾನದ ಎರ್ಬಿಲ್‌ಗೆ ಹೊರಡೋದು ಅಂತಾದಾಗ ನಾನು ಹಿಡಿದ ಪಟ್ಟು ಒಂದೇ: ರೂಮು ಕೋಟೆಯ ಬುಡದಲ್ಲೇ ಇರಬೇಕು. ಊರಂಚಿನ ಅಂಕಾವಾ ಬಡಾವಣೆ ಕಡೆಯೂ ಹೋಟೆಲುಗಳಿವೆ, ಆದರೆ ಅಲ್ಲಿಂದ ದಿನಾ ಟ್ಯಾಕ್ಸಿಗೆ ದುಡ್ಡು ಸುರಿಯಬೇಕು.

ನಮ್ಮ ಏಳು ಸುತ್ತಿನ ಕೋಟೆ ಬಂಡೆಯ ಮೇಲೆ ನಿಂತದ್ದು. ಎರ್ಬಿಲ್‌ನದು ಹಾಗಲ್ಲ. ಸಾವಿರಾರು ವರ್ಷ ಜನ ಒಂದೇ ಜಾಗದಲ್ಲಿ ಮನೆ ಕಟ್ಟಿ, ಅದು ಬಿದ್ದರೆ ಅದರ ಮೇಲೇ ಇನ್ನೊಂದು ಕಟ್ಟಿ, ನೆಲವೇ ದಿಬ್ಬವಾಗಿ ಎದ್ದಿದೆ. ಅಂಚಿನ ಮನೆಗಳ ಗೋಡೆಗಳೇ ಒಂದಕ್ಕೊಂದು ಅಂಟಿ ಕೋಟೆಗೋಡೆಯಾಗಿವೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕೆಳಗೇ ಕೈಸರಿ ಬಜಾರು. ಅದರ ಸುತ್ತಲಿನ ಬೀದಿಗಳಲ್ಲಿ ಅಗ್ಗದ ಹೋಟೆಲುಗಳು.

ರೂಮಲ್ಲಿ ಏಸಿ ಇರಲಿ ಅಂದರೆ, "ಏಸಿ ಯಾಕಕ್ಕ, ನಮಗೇನು ಬಿಸಿಲು ಹೊಸದಾ?" ಅಂತಾನೆ ತಮ್ಮ. ಜುಲೈ, ಆಗಸ್ಟಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತಪ್ಪ! ಅದಕ್ಕೇ ಏಪ್ರಿಲ್ ಆರಿಸಿದ್ದೇನೆ. ಮಾರ್ಚ್ 21ರ ಆಸುಪಾಸು ಅವರ ಹೊಸವರ್ಷ, ನೌರೋಜ್ ಹಬ್ಬ, ಆಗ ಅಗ್ಗದ ರೂಮು ಸಿಗೋದು ಕಷ್ಟ. ಸಣ್ಣ ಹೋಟೆಲಲ್ಲಿ ಕಾರ್ಡು ನಂಬಬೇಡಿ, ನಗದು ಇರಲಿ. ಹರಿದ, ಗೀಚಿದ ಡಾಲರ್ ನೋಟನ್ನು ಇರಾಕಿನಲ್ಲಿ ಮುಟ್ಟಲ್ಲ. ಇಲ್ಲೇ ಒಂದೊಂದನ್ನೂ ತಿರುಗಿಸಿ ನೋಡಿ ತಗೊಳ್ಳಿ.