ಮೂರನೇ ದಿನ ಮುಖ ಇನ್ನೂ ಊದಿದೆ, ಇದು ಸರೀನಾ?

ನಾನು ಡೆಂಟಿಸ್ಟ್ ಅಲ್ಲ. ಕೆಳದವಡೆಯ ಎರಡು ಬುದ್ಧಿಹಲ್ಲನ್ನ ಬೇರೆ ಬೇರೆ ಸಲ ಆಪರೇಶನ್ ಮಾಡಿಸಿ ತೆಗೆಸ್ಕೊಂಡೋಳು, ಮೊದಲ ಸಲ ಎಡವಟ್ಟು ಮಾಡ್ಕೊಂಡು ಎರಡನೇ ಸಲ ಚೆನ್ನಾಗಿ ಸುಧಾರಿಸ್ಕೊಂಡೋಳು, ಅಷ್ಟೇ ನನ್ನ ಕ್ವಾಲಿಫಿಕೇಶನ್. ಆದ್ರೂ ಗೊತ್ತಿರೋರಲ್ಲಿ ಯಾರಿಗೇ ಹಲ್ಲಿನ ಆಪರೇಶನ್ ಆಗ್ಲಿ, ಮೂರನೇ ದಿನ ಬೆಳಗ್ಗೆ ನನ್ನ ಫೋನಿಗೆ ಒಂದು ಫೋಟೋ ಬಂದೇ ಬರುತ್ತೆ. ಒಂದು ಕೆನ್ನೆ ಚೆಂಡಿನ ಥರ ಉಬ್ಬಿರುತ್ತೆ, ಕೆಳಗೆ "ನಿನ್ನೆಗಿಂತ ಜಾಸ್ತಿ ಆಗಿದೆ ಕಣೇ, ಇನ್‌ಫೆಕ್ಷನ್ ಆಗಿದ್ಯಾ?" ಅಂತ ಇರುತ್ತೆ. ಪ್ರತಿ ಸಲ ಟೈಪ್ ಮಾಡಿ ಸಾಕಾಗಿ ಇಲ್ಲೇ ಬರೆದಿಡ್ತಾ ಇದೀನಿ.

ನಾನು ವಾಪಸ್ ಕೇಳೋದು ಒಂದೇ, ಜಾಸ್ತಿ ಆಗಿರೋದು ಊತಾನಾ, ನೋವಾ?

ಊತ ಮಾತ್ರ ಆದ್ರೆ ಗಾಬರಿ ಬೇಡ. ವಸಡು ಕುಯ್ದು, ಎಷ್ಟೋ ಸಲ ಮೂಳೇನೂ ಸ್ವಲ್ಪ ಕೊರೆದು ತೆಗೆದ ಹಲ್ಲು ಅದು, ಅದರ ಊತ ಅವತ್ತೇ ಪೂರ್ತಿ ಕಾಣಿಸಲ್ಲ, ನಿಧಾನಕ್ಕೆ ಏರ್ತಾ ಏರ್ತಾ 48ರಿಂದ 72 ಗಂಟೆ ಹೊತ್ತಿಗೆ ಜೋರಾಗುತ್ತೆ, ಆಮೇಲೆ ಇಳಿಯೋಕೆ ಶುರು ಆಗುತ್ತೆ. ಮನೆಗೆ ಬಂದ ದಿನ ಮುಖ ನೆಟ್ಟಗಿತ್ತಲ್ಲ ಈಗೇನಾಯ್ತು ಅಂತ ಹೆದರ್ಕೊಳ್ಳೋದು ಇದು ಗೊತ್ತಿಲ್ದೆ. ಕೆಲವರಿಗೆ ಕೆನ್ನೆ ಮೇಲೆ, ಕತ್ತಿನವರೆಗೂ ನೀಲಿ ಹಳದಿ ಕಲೆ ಇಳಿಯುತ್ತೆ, ಅದೂ ತಾನಾಗೇ ಹೋಗುತ್ತೆ.

ನೋವಿನ ಲೆಕ್ಕ ಬೇರೆ. ನೋವು ಸಾಮಾನ್ಯವಾಗಿ ಮೊದಲ ದಿನಾನೇ ಜಾಸ್ತಿ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಾ ಬರ್ಬೇಕು. ಕಮ್ಮಿ ಆಗಿದ್ದ ನೋವು ಮೂರನೇ ದಿನಾನೋ ನಾಲ್ಕನೇ ದಿನಾನೋ ತಿರುಗಿ ಬಂದು, ಕಿವಿವರೆಗೂ ಸೆಳೀತಾ, ಮಾತ್ರೆಗೂ ಬಗ್ಗದೆ, ಬಾಯಿಂದ ಕೆಟ್ಟ ನಾತ ಬರ್ತಾ ಇದ್ರೆ ನನಗೆ ಮೆಸೇಜ್ ಮಾಡ್ಬೇಡಿ, ಡೆಂಟಿಸ್ಟ್‌ಗೆ ಫೋನ್ ಮಾಡಿ. ಅದರ ಹೆಸರು ಡ್ರೈ ಸಾಕೆಟ್, ಅಂದ್ರೆ ಗುಂಡಿಯಲ್ಲಿರ್ಬೇಕಾದ ರಕ್ತದ ಹೆಪ್ಪು ಹೋಗಿ ಮೂಳೆ ಬರಿದಾಗೋದು, ನನ್ನ ಮೊದಲ ಸಲದ ಎಡವಟ್ಟೂ ಅದೇ.

ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ತುಂಬ್ಕೊಂಡು ಹೆಪ್ಪುಗಟ್ಟುತ್ತೆ, ಕಪ್ಪು ಕೆಂಪು ಜೆಲ್ಲಿ ಥರ. ನೋಡೋಕೆ ಅಸಹ್ಯ, ಆದ್ರೆ ಕೆಳಗಿರೋ ಬರೀ ಮೂಳೆಗೆ ಅದೇ ಹೊದಿಕೆ, ಹೊಸ ಮಾಂಸ ಬೆಳೆಯೋದೂ ಅದರೊಳಗೇನೇ. ನನಗದು ಗೊತ್ತಿರ್ಲಿಲ್ಲ. ಬಾಯೆಲ್ಲಾ ರಕ್ತದ ರುಚಿ, ಕಬ್ಬಿಣ ನೆಕ್ಕಿದ ಹಾಗೆ, ಸಂಜೆಯಿಂದ ರಾತ್ರಿವರೆಗೂ ವಾಶ್ ಬೇಸಿನ್ ಮುಂದೆ ನಿಂತು ಉಗಿದೆ, ಮುಕ್ಕಳಿಸಿದೆ, ಮತ್ತೆ ಉಗಿದೆ, ಕ್ಲೀನ್ ಆಗಿ ಇಟ್ಕೊಂಡ್ರೆ ಬೇಗ ವಾಸಿ ಆಗುತ್ತೆ ಅಂದ್ಕೊಂಡು. ಮೂರನೇ ದಿನ ರಾತ್ರಿ ಹೊತ್ತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸೋ ನೋವು. ಮೊಬೈಲ್ ಟಾರ್ಚ್ ಬಿಟ್ಟು ಕನ್ನಡಿಯಲ್ಲಿ ನೋಡಿದ್ರೆ ಗುಂಡಿ ಖಾಲಿ, ತಳದಲ್ಲಿ ಏನೋ ಬೆಳ್ಳಗೆ. ಮೂಳೆ! ಬೆಳಗ್ಗೆ ಹೋದಾಗ ಸಲೈನ್‌ನಲ್ಲಿ ತೊಳೆದು ಲವಂಗದ ವಾಸನೆ ಬರೋ ಔಷಧಿ ತುಂಬಿದ್ರು, ಅದರಲ್ಲಿರೋದು ಯೂಜಿನಾಲ್, ಲವಂಗದೆಣ್ಣೆಯಲ್ಲಿ ಇರೋದೇ. ಸ್ವಲ್ಪ ಹೊತ್ತಲ್ಲೇ ನೋವು ಇಳೀತು, ನಾನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. (ಹಾಗಂತ ಮನೇಲಿ ನೀವೇ ಗಾಯಕ್ಕೆ ಲವಂಗ ತುರುಕೋಕೆ ಹೋಗ್ಬೇಡಿ, ಹಸಿ ಗಾಯ ಸುಡುತ್ತೆ.)

ಹಾಗಾಗಿ ಎರಡನೇ ಸಲ ನನ್ನ ಪೂರ್ತಿ ಕೆಲಸ ಆ ಹೆಪ್ಪನ್ನ ಕಾಯೋದು, ಅಷ್ಟೇ. ಗಾಯದ ಮೇಲೆ ಇಟ್ಟ ಹತ್ತಿ ಬಟ್ಟೇನ ಮುಕ್ಕಾಲು ಗಂಟೆ ಬಾಯಿ ಬಿಡದೆ ಗಟ್ಟಿಯಾಗಿ ಕಚ್ಚಿ ಹಿಡಿದೆ, ರಕ್ತ ನಿಂತಿದ್ಯಾ ಅಂತ ನಿಮಿಷಕ್ಕೊಂದು ಸಲ ತೆಗೆದು ನೋಡೋ ಚಟ ಇದ್ಯಲ್ಲ ಅದೇ ರಕ್ತ ನಿಲ್ಲದ ಹಾಗೆ ಮಾಡೋದು. ಮೊದಲ 24 ಗಂಟೆ ಉಗುಳಲಿಲ್ಲ, ಮುಕ್ಕಳಿಸಲಿಲ್ಲ, ಎಂಜಲು ಬಂದ್ರೆ ನುಂಗಿದೆ ಇಲ್ಲಾ ಟಿಶ್ಯೂನಲ್ಲಿ ಒರೆಸ್ಕೊಂಡೆ. ಸ್ಟ್ರಾ ಬೇಡವೇ ಬೇಡ, ಹೀರಿದಾಗ ಬಾಯೊಳಗೆ ಎಳೆತ ಆಗಿ ಹೆಪ್ಪು ಕಿತ್ತು ಬರಬಹುದು ಅಂತಾರೆ. ಸಿಗರೇಟ್ ಸೇದೋರಿಗೆ ಇನ್ನೂ ಕಷ್ಟ, ಎಳೆಯೋದೂ ಇದೆ, ಜೊತೆಗೆ ನಿಕೋಟಿನ್ ರಕ್ತನಾಳ ಕಿರಿದು ಮಾಡಿ ಗಾಯಕ್ಕೆ ಬರೋ ರಕ್ತಾನೇ ಕಮ್ಮಿ ಮಾಡುತ್ತೆ. "ಒಂದೇ ಒಂದು ಸೇದ್ಲಾ?" ಅಂತ ಕೇಳೋರಿಗೆ ನಾನು ಉತ್ತರಾನೇ ಕೊಡಲ್ಲ.

ಇನ್ನು ರಕ್ತ. ಬೆಳಗ್ಗೆ ದಿಂಬಿನ ಮೇಲೆ ಗುಲಾಬಿ ಕಲೆ ನೋಡಿ ಅಳೋರಿದಾರೆ. ಒಂದು ಹನಿ ರಕ್ತ ಎಂಜಲಲ್ಲಿ ಬೆರೆತ್ರೆ ಬಾಯಿ ತುಂಬಾ ರಕ್ತ ಇದ್ದ ಹಾಗೆ ಕಾಣುತ್ತೆ, ಮೊದಲ ದಿನ ಸ್ವಲ್ಪ ಜಿನುಗೋದು ಮಾಮೂಲಿ. ಹಳೇ ಟವಲ್ ಹಾಸ್ಕೊಂಡು, ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿ ಮಲಗಿ, ಊತಕ್ಕೂ ಒಳ್ಳೇದು. ಕೆಂಪಗೆ ಹರೀತಾನೇ ಇದ್ರೆ ಮತ್ತೆ ಹತ್ತಿ ಬಟ್ಟೆ ಇಟ್ಟು ಕಚ್ಚಿ, ಗಂಟೆ ಆದ್ರೂ ನಿಲ್ಲದಿದ್ರೆ ಫೋನ್ ಮಾಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳೋರು ಇದನ್ನ ಆಪರೇಶನ್‌ಗೆ ಮುಂಚೇನೇ ಹೇಳಿರ್ಬೇಕು, ಆದ್ರೆ ನೀವಾಗೇ ಮಾತ್ರೆ ನಿಲ್ಲಿಸೋ ಹಾಗಿಲ್ಲ.

ಐಸ್ ಕೆಲಸ ಮಾಡೋದು ಮೊದಲ ಒಂದೆರಡು ದಿನ, ಬಟ್ಟೆ ಸುತ್ತಿ ಕೆನ್ನೆ ಮೇಲೆ 20 ನಿಮಿಷ ಇಟ್ಟು 20 ನಿಮಿಷ ಬಿಡೋದು. ಆಮೇಲೆ ಬೆಚ್ಚಗಿನ ಶಾಖ. ದವಡೆ ಬಿಗಿದು ಬಾಯಿ ಎರಡು ಬೆರಳಷ್ಟೂ ತೆಗೆಯೋಕೆ ಆಗ್ದೆ ಇದ್ರೆ ಆಗ ಈ ಶಾಖ ಚೆನ್ನಾಗಿ ಹಿಡಿಯುತ್ತೆ.

ಮಾತ್ರೆ ವಿಷಯಕ್ಕೆ ಬಂದ್ರೆ, ಡಾಕ್ಟರ್ ಬರೆದಷ್ಟೇ, ಆದ್ರೆ ಟೈಮಿಗೆ. ಇಂಜೆಕ್ಷನ್ ಜೋಮು ಕೆಲವು ಗಂಟೆ ಇರುತ್ತೆ, ಅದು ಬಿಡೋ ಮುಂಚೇನೇ ಮೊದಲ ಪೇನ್ ಕಿಲ್ಲರ್ ಹೊಟ್ಟೆ ಸೇರಿದ್ರೆ ರಾತ್ರಿ ಆರಾಮು, ನೋವು ತಲೆಗೇರಿದ ಮೇಲೆ ನುಂಗಿದ್ರೆ ಅದನ್ನ ಇಳಿಸೋದು ಕಷ್ಟ. ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ ಬರೆದುಕೊಟ್ರೆ ಎರಡ್ಯಾಕೆ ಅಂತ ಒಂದನ್ನ ಬಿಡ್ಬೇಡಿ, ಹಲ್ಲಿನ ನೋವಿಗೆ ಆ ಜೋಡಿ ಒಂಟಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ ಎಷ್ಟೋ ಕಡೆ ಪ್ಯಾರಾಸಿಟಮಾಲ್ ಅಡಗಿರುತ್ತೆ, ಎಲ್ಲಾ ಸೇರಿಸಿ ದೊಡ್ಡೋರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ಲಿವರ್‌ಗೆ ಏಟು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರೋರಿಗೆ ಐಬುಪ್ರೊಫೆನ್ ಆಗಿ ಬರಲ್ಲ, ಮೊದಲೇ ಹೇಳಿ. ಮೆಟ್ರೊನಿಡಜೋಲ್ ಅನ್ನೋ ಆಂಟಿಬಯಾಟಿಕ್ ಕೊಟ್ಟಿದ್ರೆ ಮದ್ಯ ಮುಟ್ಟಬೇಡಿ.

ಊಟದ ಬಗ್ಗೆ ನನಗೆ ಹೆಚ್ಚು ಹೇಳೋದಿಲ್ಲ, ಜೋಮು ಇಳಿಯೋವರೆಗೂ ಏನೂ ಅಗಿಯಬೇಡಿ (ನಾನು ನನ್ನ ತುಟಿನೇ ಅಗಿದಿದ್ದೆ), ಆಮೇಲೆ ತಣ್ಣಗೆ ಮೆತ್ತಗೆ, ಖಾರ ಇಲ್ದಿರೋದು, ಇನ್ನೊಂದು ಪಕ್ಕದಲ್ಲಿ. ಚೂಪಾಗಿ ಮುರಿಯೋದು, ಸಣ್ಣ ಬೀಜ ಇರೋದು ಬೇಡ.

ಎರಡನೇ ದಿನದಿಂದ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಊಟ ಆದ ಮೇಲೆಲ್ಲಾ. ಗಳಗಳ ಮಾಡೋ ಹಾಗಿಲ್ಲ. ಬಾಯಿಗೆ ತಗೊಂಡು ತಲೆ ಆ ಕಡೆ ಈ ಕಡೆ ವಾಲಿಸಿ, ಬೇಸಿನ್ ಮೇಲೆ ಬಗ್ಗಿ ಬಾಯಿ ತೆಗೆದ್ರೆ ನೀರು ತಾನಾಗೇ ಬೀಳುತ್ತೆ. ಉಳಿದ ಹಲ್ಲು ಮಾಮೂಲಿ ಉಜ್ಜಿ, ಗಾಯದ ಹತ್ತಿರ ಮಾತ್ರ ಹುಷಾರು. ಮೇಲಿನ ದವಡೆ ಹಲ್ಲು ತೆಗೆಸಿದೋರಿಗೆ ಇನ್ನೊಂದು ಕಾಟ, ಬೇರು ಎಷ್ಟೋ ಸಲ ಸೈನಸ್‌ಗೆ (ಕೆನ್ನೆ ಮೂಳೆಯೊಳಗೆ ಮೂಗಿಗೆ ಸೇರ್ಕೊಂಡಿರೋ ಗಾಳಿ ತುಂಬಿದ ಟೊಳ್ಳು) ತೀರಾ ಹತ್ತಿರ ಇರುತ್ತೆ, ಹಾಗಾಗಿ ಡಾಕ್ಟರ್ ಬೇಡ ಅಂದಿದ್ರೆ ಮೂಗು ಜೋರಾಗಿ ಸೀಟಬೇಡಿ, ಸೀನು ಬಂದ್ರೆ ಬಾಯಿ ತೆಗೆದು ಸೀನಿ.

ಐದಾರು ದಿನ ಆದ ಮೇಲೆ ಎರಡನೇ ಸುತ್ತಿನ ಫೋಟೋ ಬರುತ್ತೆ, "ಒಳಗೆ ಬೆಳ್ಳಗೆ ಕೀವು ಕಟ್ಟಿದೆ". ಬಹುತೇಕ ಅದು ಕೀವಲ್ಲ, ಹೊಸ ಪದರ ಕಟ್ಟೋ ಬಣ್ಣಾನೇ ಹಾಗೆ, ಹಳದಿ ಮಿಶ್ರ ಬಿಳಿ, ಕೆರೆದು ತೆಗೀಬೇಡಿ. ಗುಂಡಿ ಮೇಲೆ ವಸಡು ಮುಚ್ಚೋಕೆ ಮೂರು ನಾಲ್ಕು ವಾರ ಬೇಕು, ಒಳಗೆ ಮೂಳೆ ತುಂಬೋಕೆ ತಿಂಗಳುಗಟ್ಟಲೆ. ನನಗಂತೂ ಎರಡನೇ ವಾರ ಆ ಗುಂಡಿಯಿಂದ ಬೆಳಗಿನ ತಿಂಡಿ ಚೂರು ಮಧ್ಯಾಹ್ನ ಹೊರಗೆ ಬರೋದು, ಮೀಟಿಂಗ್ ಮಧ್ಯದಲ್ಲಿ.

ಕೆಲವಕ್ಕೆ ಮಾತ್ರ ಕಾಯೋ ಹಾಗಿಲ್ಲ. ಮೂರು ದಿನ ಆದ್ಮೇಲೂ ಊತ ಏರ್ತಾನೇ ಇದ್ರೆ, ಜ್ವರ ಬಂದ್ರೆ, ನಿಜವಾದ ಕೀವು ಸುರಿದ್ರೆ ಅವತ್ತೇ ತೋರಿಸಿ. ಮಾರನೇ ದಿನಾನೂ ತುಟಿನೋ ನಾಲಿಗೆನೋ ಜೋಮು ಬಿಟ್ಟಿಲ್ಲ ಅಂದ್ರೂ ಫೋನ್ ಮಾಡಿ ಹೇಳಿ, ನರಕ್ಕೆ ಪೆಟ್ಟಾಗಿರಬಹುದು. ನಾಲಿಗೆ ಕೆಳಗೆ ಊದಿ ನಾಲಿಗೆ ಮೇಲೆ ತಳ್ತಾ ಇದ್ರೆ, ನುಂಗೋಕೆ ಉಸಿರಾಡೋಕೆ ಕಷ್ಟ ಆದ್ರೆ, ಅರ್ಧರಾತ್ರಿ ಆಗಿದ್ರೂ ಸೀದಾ ಎಮರ್ಜೆನ್ಸಿಗೆ ಹೋಗಿ, ಫೋಟೋ ಆಮೇಲೆ ಕಳಿಸಿದ್ರಾಯ್ತು.